ಕೈ ಬಿಡಿ, ಕಣ್ಣು ಬಿಡಿ ಎನ್ನುವ ಕತ್ತಲಕ್ಕ

ಬೆಳಗಿನ ಐದು ಗಂಟೆ ಹತ್ತು ನಿಮಿಷ. ಹೆಲಿಕಾಪ್ಟರ್ ನೆಲೆಯ ಬೇಲಿಯಾಚೆ ಆಕಾಶ ಆಗಷ್ಟೇ ಬೂದುಬಣ್ಣಕ್ಕೆ ತಿರುಗುತ್ತಿದೆ. ಹಾಲಿನ ವ್ಯಾನು ಗೇಟಿನ ಮುಂದೆ ಹಾದುಹೋಗುತ್ತದೆ. ಕಾವಲುಗಾರ ಆಕಳಿಸುತ್ತಾ ಕಂಬದ ದೀಪ ಆರಿಸುತ್ತಾನೆ. ಊರಿಗೆಲ್ಲ ಬೆಳಕಾಗುವ ಈ ಹೊತ್ತಿಗೆ ಐವತ್ತೊಂದು ವರ್ಷದ ಹೆಂಗಸೊಬ್ಬರು ಸ್ವೆಟರಿನ ತೋಳು ಮೇಲೆ ಸರಿಸಿ, ಎರಡು ಪರದೆಗಳ ಮುಂದೆ ಕೂತು, ಮೊದಲು ಚಂದ್ರನನ್ನು ಅಳಿಸುತ್ತಾರೆ. ಆಮೇಲೆ ನಕ್ಷತ್ರಗಳು. ಆಮೇಲೆ ದಡದ ದೀಪಗಳೆಲ್ಲ ಸಾಲಾಗಿ ಆರಿಹೋಗುತ್ತವೆ. ಕೊನೆಗೆ ಅಡುಗೆಗೆ ಉಪ್ಪು ಉದುರಿಸುವವರ ಹಾಗೆ, ಚಿಟಿಕೆ ಚಿಟಿಕೆಯಾಗಿ ಮಂಜು ಬೆರೆಸುತ್ತಾರೆ. ಸಮಾಧಾನವಾಗುವುದಿಲ್ಲ. ಇನ್ನೊಂದು ಚಿಟಿಕೆ.

"ಈಗ ಸರಿಹೋಯ್ತು, ಹೊರಡಿ ಸರ್," ಎನ್ನುತ್ತಾರೆ.

ಅವರ ಮುಂದೆ ಇಬ್ಬರು ಪೈಲಟ್‌ಗಳು ಕೂತಿದ್ದಾರೆ. ಮೂವರೂ ಇರುವುದು ಆರು ಕಬ್ಬಿಣದ ಕಾಲುಗಳ ಮೇಲೆ ನಿಂತ ಬಿಳಿ ಗೋಳವೊಂದರ ಹೊಟ್ಟೆಯಲ್ಲಿ. ಅದು ಹೆಲಿಕಾಪ್ಟರ್ ಹಾರಿಸುವುದನ್ನು ನೆಲದ ಮೇಲೆಯೇ ಕಲಿಸುವ ಸಿಮ್ಯುಲೇಟರ್. ಒಳಗಿನ ಗುಂಡಿ, ಎತ್ತರ ವೇಗ ತೋರಿಸುವ ಗಡಿಯಾರ, ಸೀಟಿನ ಸವೆದ ಅಂಚು ಎಲ್ಲವೂ ನಿಜವಾದ ಹೆಲಿಕಾಪ್ಟರಿನದ್ದೇ. ಕಿಟಕಿಯಾಚೆಯ ಕಡಲು ಮಾತ್ರ ಹಿಂದಿನ ಸೀಟಿನಲ್ಲಿ ಕೂತ ಈ ಹೆಂಗಸಿನದು. ಕಾಗದದ ಮೇಲೆ ಅವರ ಹುದ್ದೆ ಸಿಮ್ಯುಲೇಟರ್ ತಂತ್ರಜ್ಞೆ. ಪೈಲಟ್‌ಗಳ ಬಾಯಲ್ಲಿ ಅವರು ಕತ್ತಲಕ್ಕ.

ಇವತ್ತಿನ ಪಾಠವೂ ದಿನದ ಪಾಠವೇ. ದಡದಿಂದ ಎಪ್ಪತ್ತು ಮೈಲಿ ದೂರದ ಕಡಲಲ್ಲಿ ಕಂಬಗಳ ಮೇಲೆ ನಿಂತ ಎಣ್ಣೆಬಾವಿಯ ಅಟ್ಟಣೆಯೊಂದಿದೆ. ಅದರ ಮೇಲೆ ಹೆಲಿಕಾಪ್ಟರ್ ಇಳಿಯುವ ಡೆಕ್ ಇದೆ, ಒಂದು ಟೆನಿಸ್ ಅಂಗಳದಷ್ಟು ಅಗಲ. ರಾತ್ರಿ ಅಲ್ಲಿಗೆ ಹೋಗುವ ಪೈಲಟ್‌ಗೆ ಮೇಲೆ ಕಪ್ಪು, ಕೆಳಗೆ ಕಪ್ಪು, ಎದುರಿಗೆ ಒಂದು ಹಿಡಿ ದೀಪ. ಆ ದೀಪ ಕಂಡೊಡನೆ ಮನುಷ್ಯನ ಕೈ ತಾನಾಗಿಯೇ ಹೆಲಿಕಾಪ್ಟರ್ ನಡೆಸುವ ಕೋಲು ಹಿಡಿಯಲು ಹೋಗುತ್ತದೆ. ಈಗಲೂ ಹಾಗೇ ಆಗುತ್ತದೆ. ಬಲಗಡೆ ಕೂತ ಪೈಲಟ್ ಆಟೋಪೈಲಟ್ ಬಿಡಿಸಲು ಬೆರಳು ಚಾಚುತ್ತಾರೆ.

"ಸರ್, ಕೈ ಬಿಡಿ," ಹಿಂದಿನಿಂದ ಮೆಲುದನಿ ಬರುತ್ತದೆ. "ಕಣ್ಣು ಬಿಡಿ."

ಪೈಲಟ್ ನಕ್ಕು ಬೆರಳು ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಎತ್ತರ ಮುನ್ನೂರು ಅಡಿಯಲ್ಲಿ ಗೂಟ ಹೊಡೆದಂತೆ ನಿಂತಿದೆ. ವೇಗ ಅರವತ್ತಕ್ಕೆ ಇಳಿಯುತ್ತದೆ, ಐವತ್ತಕ್ಕೆ, ನಲವತ್ತಕ್ಕೆ. ದೀಪದ ಹಿಡಿ ಬಿಚ್ಚಿಕೊಂಡು ಡೆಕ್ಕಿನ ಹಸಿರು ಉಂಗುರವಾಗುತ್ತದೆ. ಕತ್ತಲಕ್ಕ ಗಂಟಲು ಒರಟು ಮಾಡಿಕೊಂಡು ಡೆಕ್ಕಿನ ರೇಡಿಯೋದವನಾಗುತ್ತಾರೆ: ಗಾಳಿ ಹದಿನೆಂಟು, ಡೆಕ್ ಖಾಲಿ, ಬನ್ನಿ ಬನ್ನಿ. ಅಗತ್ಯ ಬಿದ್ದರೆ ಅವರೇ ದಡದ ನಿಯಂತ್ರಣ ಕೊಠಡಿ, ಅವರೇ ಹಿಂದಿನ ಸೀಟಿನಲ್ಲಿ ನರಳುವ ರೋಗಿ. ನರಳುವುದರಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಪೈಲಟ್‌ಗಳು ಆಡಿಕೊಳ್ಳುತ್ತಾರೆ.

ಆಟೋಪೈಲಟ್ ಎಂದರೇನು ಎಂದು ಕೇಳಿದರೆ ಕತ್ತಲಕ್ಕ ನಾಲ್ಕು ಬೆರಳು ಎತ್ತಿ ತೋರಿಸುತ್ತಾರೆ. ಮೂಗು ಮೇಲೆ ಕೆಳಗೆ ಆಗುವುದನ್ನು ಒಂದು ನೋಡಿಕೊಳ್ಳುತ್ತದೆ, ಮೈ ಎಡಕ್ಕೆ ಬಲಕ್ಕೆ ವಾಲುವುದನ್ನು ಇನ್ನೊಂದು, ಬಾಲವನ್ನು ಮತ್ತೊಂದು. ನಾಲ್ಕನೆಯದು ಹೆಲಿಕಾಪ್ಟರನ್ನು ಎತ್ತಿ ಹಿಡಿಯುವ ಬಲ. ಇವು ನಾಲ್ಕೂ ಸೇರಿ ಎತ್ತರ, ವೇಗ, ದಿಕ್ಕನ್ನು ಪೈಲಟ್ ಹೇಳಿದಲ್ಲೇ ಹಿಡಿದಿಡುತ್ತವೆ. "ನಾಲ್ಕು ಜನ ಆಳು ಇದ್ದ ಹಾಗೆ. ಸುಸ್ತಾಗಲ್ಲ, ಹೆದರಲ್ಲ, ದೀಪ ಕಂಡ್ರೆ ಖುಷಿಯಾಗಿ ಮೈಮರೆಯಲ್ಲ. ಆದ್ರೆ ಹೇಳಿದ್ದನ್ನ ಮಾತ್ರ ಮಾಡ್ತಾರೆ. ತಪ್ಪು ಹೇಳಿದ್ರೆ ತಪ್ಪನ್ನೇ ಅಚ್ಚುಕಟ್ಟಾಗಿ ಮಾಡ್ತಾರೆ. ಅದಕ್ಕೇ ಕಣ್ಣು ಬಿಟ್ಕೊಂಡಿರಿ ಅನ್ನೋದು."

ಈ ನಾಲ್ಕು ಆಳುಗಳ ಪರಿಚಯ ಅವರಿಗೆ ಆಗಿದ್ದು ಹೆಲಿಕಾಪ್ಟರ್ ನಿಲ್ಲಿಸುವ ಹ್ಯಾಂಗರಿನಲ್ಲಿ, ಇಪ್ಪತ್ತೆರಡನೇ ವಯಸ್ಸಿನಲ್ಲಿ. ಟೈಪ್‌ರೈಟರ್ ರಿಪೇರಿ ಮಾಡುತ್ತಿದ್ದ ತಂದೆಯಿಂದ ಸಣ್ಣ ಸ್ಕ್ರೂ ಕಳೆಯದೆ ಬಿಚ್ಚುವ ಕೈಗುಣ ಬಂದಿತ್ತು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಆಟೋಪೈಲಟ್ ದುರಸ್ತಿಯ ವರ್ಕ್‌ಶಾಪಿಗೆ ಸೇರಿದರು. ಹತ್ತೊಂಬತ್ತು ವರ್ಷ ಅಲ್ಲಿಯೇ ಸವೆಸಿದರು. ನಡುವೆ ಕಡಲಿನ ಅಟ್ಟಣೆಯಲ್ಲಿ ಕ್ರೇನ್ ನಡೆಸುವವರೊಬ್ಬರನ್ನು ಮದುವೆಯಾದರು. ಗಂಡನಿಗೆ ಎರಡು ವಾರ ಕಡಲು, ಎರಡು ವಾರ ಮನೆ. ಹೋಗುವುದೂ ಬರುವುದೂ ಹೆಂಡತಿ ದುರಸ್ತಿ ಮಾಡಿದ ಹೆಲಿಕಾಪ್ಟರಿನಲ್ಲೇ. ಮನೆಯಲ್ಲಿ ಜಗಳವಾದ ಮರುದಿನ ಹೊರಡುವಾಗ, "ಸ್ಕ್ರೂ ಎಲ್ಲ ಬಿಗಿ ಮಾಡಿದೀಯ ತಾನೆ?" ಎಂದು ಕೇಳಿಯೇ ಅವರು ಬ್ಯಾಗು ಎತ್ತಿಕೊಳ್ಳುತ್ತಿದ್ದರು.

ಹನ್ನೊಂದು ವರ್ಷದ ಹಿಂದೆ ಒಂದು ಸಂಜೆ ಆ ತಮಾಷೆ ನಿಂತುಹೋಯಿತು.

ಕತ್ತಲಾದ ಮೇಲೆ ಹನ್ನೆರಡು ಜನರನ್ನು ಹೊತ್ತು ಅಟ್ಟಣೆಗೆ ಹೋಗುತ್ತಿದ್ದ ಹೆಲಿಕಾಪ್ಟರ್ ಡೆಕ್ಕಿಗೆ ಅರ್ಧ ಮೈಲಿ ಇರುವಾಗ ಸದ್ದಿಲ್ಲದೆ ಕೆಳಗಿಳಿಯತೊಡಗಿತು. ಸಹ ಪೈಲಟ್ ಕೂಗಿಕೊಂಡಾಗ ನೀರಿಗೂ ಅದಕ್ಕೂ ನಲವತ್ತು ಅಡಿ ಅಂತರ. ಎಳೆದು ಮೇಲೆತ್ತಿದರು, ಯಾರಿಗೂ ಒಂದು ತರಚುಗಾಯವೂ ಆಗಲಿಲ್ಲ. ಮೂರನೇ ಸಾಲಿನಲ್ಲಿ ಕೂತಿದ್ದ ಗಂಡ ಎರಡು ವಾರದ ನಂತರ ಮನೆಗೆ ಬಂದು ಚಪ್ಪಲಿ ಬಿಡುತ್ತಾ ಹೇಳಿದ್ದು ಒಂದೇ ಮಾತು: "ಲಿಫ್ಟು ಇಳಿದ ಹಾಗಾಯ್ತು ಕಣೇ."

ಅಷ್ಟು ಹೊತ್ತಿಗೆ ಹೆಂಡತಿಗೆ ಎಲ್ಲವೂ ಗೊತ್ತಾಗಿತ್ತು. ಆ ಹೆಲಿಕಾಪ್ಟರಿನ ಆಟೋಪೈಲಟ್ ಕೊನೆಯದಾಗಿ ಬಿಚ್ಚಿ ಜೋಡಿಸಿದವರು ಅವರೇ, ಕಾಗದದ ಮೇಲಿದ್ದ ಸಹಿಯೂ ಅವರದೇ. ವರ್ಕ್‌ಶಾಪಿಗೆ ಬೀಗ ಬಿತ್ತು. ಮೂರು ದಿನ ತನಿಖೆಯವರು ಪೆಟ್ಟಿಗೆಗಳನ್ನು ಬಿಚ್ಚಿ ನೋಡಿದರು. ತನ್ನ ಕೈತಪ್ಪಿನಿಂದ ಗಂಡನ ಸಮೇತ ಹನ್ನೆರಡು ಮಂದಿ ಮುಳುಗುತ್ತಿದ್ದರೇ ಎಂಬ ಪ್ರಶ್ನೆ ಕಣ್ಣು ಮುಚ್ಚಿದರೆ ಎದೆಯ ಮೇಲೆ ಬಂದು ಕೂರುತ್ತಿತ್ತು.

ನಾಲ್ಕನೇ ದಿನ ವರದಿ ಬಂತು. ಯಂತ್ರದಲ್ಲಿ ಎಳ್ಳಷ್ಟೂ ದೋಷವಿರಲಿಲ್ಲ. ಡೆಕ್ಕಿನ ದೀಪ ಕಂಡೊಡನೆ ಪೈಲಟ್ ಆಟೋಪೈಲಟ್ ಬಿಡಿಸಿ ಕೈಯಿಂದ ಹಾರಿಸಲು ಶುರು ಮಾಡಿದ್ದರು. ವೇಗ ತಗ್ಗಿದಂತೆ ಹೆಲಿಕಾಪ್ಟರಿಗೆ ಹೆಚ್ಚು ಬಲ ಬೇಕು. ಆ ಬಲ ಕೊಡುವುದು ಮರೆತುಹೋಗಿತ್ತು. ಸುತ್ತ ಕತ್ತಲಿದ್ದರೆ ಇಳಿಯುತ್ತಿರುವುದು ಮೈಗೆ ತಿಳಿಯುವುದಿಲ್ಲ.

"ಎಲ್ಲರೂ ಬಂದು, ನೀನು ಪಾರಾದೆ ಅಂದ್ರು," ಎನ್ನುತ್ತಾರೆ ಕತ್ತಲಕ್ಕ. "ನನಗೆ ಸಿಟ್ಟು ಬಂತು. ನಾನು ಪಾರಾಗಿದ್ದು ಇರಲಿ, ಅಷ್ಟು ಒಳ್ಳೆ ಆಳುಗಳನ್ನ ಬೇಕಾದ ಹೊತ್ತಲ್ಲೇ ಮನೆಗೆ ಕಳಿಸಿದ್ದು ಯಾಕೆ? ಅದನ್ನ ಯಾರೂ ಕೇಳಲಿಲ್ಲ."

ಕೇಳುವುದಕ್ಕೆ ಅವರೇ ಹೊರಟರು. ಮರುವರ್ಷ ಸಿಮ್ಯುಲೇಟರಿನಲ್ಲಿ ಜಾಗ ಖಾಲಿಯಾದಾಗ ಬಡ್ತಿ ಬಿಟ್ಟು ಅಲ್ಲಿಗೆ ವರ್ಗ ಕೇಳಿದರು. ಮೇಲಿನವರಿಗೆ ಆಶ್ಚರ್ಯ. ಮನೆಯಲ್ಲಿ ಅತ್ತೆಗೆ ಇನ್ನೂ ಆಶ್ಚರ್ಯ. ಸೊಸೆ ದಿನವೂ ನಸುಕಿಗೆ ಎದ್ದು ಪರದೆಯ ಮುಂದೆ ಆಟವಾಡಲು ಹೋಗುತ್ತಾಳೆ, ಅದಕ್ಕೆ ಸಂಬಳ ಬೇರೆ ಕೊಡುತ್ತಾರಂತೆ ಎಂದು ಅವರು ಅಕ್ಕಪಕ್ಕದವರಿಗೆ ಈಗಲೂ ಹೇಳುತ್ತಾರೆ.

ಅಲ್ಲಿ ಅವರ ಕೆಲಸ ಗುಂಡಿ ಒತ್ತುವುದಷ್ಟೇ, ಪಾಠ ಹೇಳುವುದು ತರಬೇತಿ ಕ್ಯಾಪ್ಟನ್ ಕೆಲಸ. ಅವರು ಬಾಯಿ ಮುಚ್ಚಿಕೊಂಡು ನೋಟ್‌ಬುಕ್ಕಿನಲ್ಲಿ ಬರೆಯತೊಡಗಿದರು. ಮೂರು ತಿಂಗಳಲ್ಲಿ ನಾನೂರ ಹನ್ನೆರಡು ರಾತ್ರಿ ಇಳಿತಗಳಾದವು. ನೂರ ಮೂವತ್ತೆಂಟರಲ್ಲಿ ಪೈಲಟ್‌ಗಳು ದೀಪ ಕಂಡ ಕೂಡಲೇ ಆಟೋಪೈಲಟ್ ಬಿಡಿಸಿದ್ದರು. ಅವುಗಳಲ್ಲಿ ಮೂವತ್ತೊಂದು ಸಲ ಹೆಲಿಕಾಪ್ಟರ್ ಡೆಕ್ಕಿಗಿಂತ ಕೆಳಗೆ ಹೋಗಿತ್ತು. ಹೋದದ್ದು ಹಾರಿಸುತ್ತಿದ್ದವರಿಗೆ ತಿಳಿದಿರಲಿಲ್ಲ.

ಈ ಲೆಕ್ಕ ಹಿಡಿದು ಅವರು ತರಬೇತಿ ವಿಭಾಗದ ಬಾಗಿಲು ತಟ್ಟಿದಾಗ ಮೂಗು ಮುರಿದವರೇ ಹೆಚ್ಚು. ಸ್ಪ್ಯಾನರ್ ಹಿಡಿದವಳು ಹಾರುವುದು ಕಲಿಸುತ್ತಾಳಾ ಎಂದು ಕ್ಯಾಂಟೀನಿನಲ್ಲಿ ನಗೆಯಾಡಿದರು. ಎಲ್ಲರಿಗಿಂತ ಜೋರಾಗಿ ನಕ್ಕವರು ಇಪ್ಪತ್ತೇಳು ವರ್ಷ ಹಾರಿದ್ದ, ಎಲ್ಲರೂ ದೊಡ್ಡ ಕ್ಯಾಪ್ಟನ್ ಎಂದು ಕರೆಯುವ ಹಿರಿಯರು. ಕೈಯಿಂದ ಹಾರಿಸದವನು ಪೈಲಟ್ಟೇ ಅಲ್ಲ ಎನ್ನುವುದು ಅವರ ವಾದ.

ಒಂದು ದಿನ ಅವರ ಸರದಿ ಬಂತು. ಕತ್ತಲಕ್ಕ ಚಂದ್ರನನ್ನು ಅಳಿಸಿದರು, ಮಂಜು ಬೆರೆಸಿದರು. ಒಂದು ಮೈಲಿಯಲ್ಲಿ ದೀಪ ಕಂಡಿತು, ದೊಡ್ಡ ಕ್ಯಾಪ್ಟನ್ ಆಟೋಪೈಲಟ್ ಬಿಡಿಸಿದರು. ಎತ್ತರ ತಗ್ಗಿದಾಗ ಎಚ್ಚರಿಸುವ ದನಿ ನುಡಿಯಿತು. ಡೆಕ್ಕಿಗೆ ಇಳಿಯುವಾಗೆಲ್ಲ ನುಡಿಯುವ ದನಿ ಅದು, ಮನೆಯ ಹಿರಿಯರ ಗೊಣಗಾಟದ ಹಾಗೆ ಕಿವಿಗೆ ರೂಢಿಯಾಗಿಬಿಟ್ಟಿತ್ತು. ಸ್ವಲ್ಪ ಹೊತ್ತಿಗೆ ಕತ್ತಲಕ್ಕ ಗುಂಡಿ ಒತ್ತಿ ಇಡೀ ಕಡಲನ್ನು ಇದ್ದಲ್ಲೇ ನಿಲ್ಲಿಸಿದರು. ಎತ್ತರದ ಗಡಿಯಾರ ನೋಡದೆ ಹೇಳಿ ಸರ್, ಈಗ ಎಷ್ಟು ಎತ್ತರದಲ್ಲಿದ್ದೀರಿ ಎಂದು ಕೇಳಿದರು.

"ಇನ್ನೂರೈವತ್ತು," ಅಂದರು ದೊಡ್ಡ ಕ್ಯಾಪ್ಟನ್.

"ಈಗ ನೋಡಿ ಸರ್."

ಮುಳ್ಳು ತೊಂಬತ್ತರಲ್ಲಿತ್ತು. ಡೆಕ್ ಇದ್ದದ್ದು ನೂರ ಅರವತ್ತು ಅಡಿ ಎತ್ತರದಲ್ಲಿ.

ದೊಡ್ಡ ಕ್ಯಾಪ್ಟನ್ ಎದ್ದುಹೋದರು. ಸಂಜೆಯೊಳಗೆ ಮ್ಯಾನೇಜರಿಗೆ ದೂರು ಹೋಯಿತು, ಗುಂಡಿ ಒತ್ತುವವರು ಗುಂಡಿ ಒತ್ತಿದರೆ ಸಾಕು ಎಂದು. ಕತ್ತಲಕ್ಕನಿಗೆ ಎಚ್ಚರಿಕೆ ಪತ್ರವೂ ಬಂತು. ವಾರ ಕಳೆಯಿತು. ಒಂದು ಮುಂಜಾನೆ ಅವರು ಬೀಗ ತೆಗೆಯಲು ಬಂದರೆ ಬಾಗಿಲ ಬಳಿ ದೊಡ್ಡ ಕ್ಯಾಪ್ಟನ್ ಒಬ್ಬರೇ ನಿಂತಿದ್ದಾರೆ. ಇನ್ನೊಂದು ಸಲ ಅದೇ ಕತ್ತಲು ಹಾಕಿಕೊಡುತ್ತೀರಾ ಎಂದು ಕೇಳಿದರಂತೆ. ಆ ಬೆಳಿಗ್ಗೆ ಹನ್ನೊಂದು ಸಲ ಇಳಿದರು. ಮೊದಲ ನಾಲ್ಕು ಸಲ ಹಳೇ ಚಾಳಿಯೇ. ಐದನೆಯದರಿಂದ ಕೈ ತಡೆಯುವುದು ಕಲಿತರು. ಆ ವರ್ಷದ ಕೊನೆಗೆ ನಿಯಮವೇ ಬದಲಾಯಿತು: ರಾತ್ರಿ ಡೆಕ್ ತೀರಾ ಹತ್ತಿರವಾಗುವ ತನಕ ನಾಲ್ಕೂ ಆಳುಗಳು ಕೆಲಸದಲ್ಲಿರಬೇಕು, ಮುಕ್ಕಾಲು ಮೈಲಿಯಲ್ಲಿ ದೀಪ ಕಾಣದಿದ್ದರೆ ಯೋಚಿಸದೆ ವಾಪಸು ಏರಬೇಕು. ನಿಯಮದ ಕೆಳಗೆ ಸಹಿ ತರಬೇತಿ ಕ್ಯಾಪ್ಟನ್ನರದು. ಕತ್ತಲಕ್ಕನ ಹೆಸರು ಎಲ್ಲೂ ಇಲ್ಲ. ಕೇಳಿದರೆ, ಕಾಗದದ ಮೇಲಿನ ಸಹಿಯ ಸುಖ ನಾನು ಒಮ್ಮೆ ಕಂಡಿದ್ದೇನೆ ಎಂದು ನಗುತ್ತಾರೆ.

ದಿನಕ್ಕೆ ಎರಡು ಪಾಳಿ, ಪಾಳಿಗೆ ಏಳೆಂಟು ಇಳಿತ. ಹತ್ತು ವರ್ಷದಲ್ಲಿ ಮೂವತ್ತು ಸಾವಿರ ದಾಟಿದೆ. ಗೋಳದೊಳಗೆ ಯಂತ್ರಗಳನ್ನು ತಂಪಾಗಿಡಲು ಸದಾ ಚಳಿ, ಆದ್ದರಿಂದ ಬೇಸಿಗೆಯಲ್ಲೂ ಸ್ವೆಟರ್. ಗೋಳ ಅಲುಗಾಡುವುದರಿಂದ ಸೊಂಟನೋವು. ಕತ್ತಲಲ್ಲೇ ಕೂತು ಕೂತು ಕನ್ನಡಕದ ನಂಬರು ಮೂರು ಸಲ ಏರಿದೆ. ಇವನ್ನೆಲ್ಲ ಅವರು ದೂರಿನ ದನಿಯಲ್ಲಿ ಹೇಳುವುದಿಲ್ಲ. ಅವರಿಗೆ ಹೇಳಬೇಕೆನಿಸುವುದು ಎರಡು ತಿಂಗಳ ಹಿಂದಿನ ಆ ರಾತ್ರಿಯ ಕಥೆ. ಅದನ್ನು ಹೇಳುವಾಗ ಕೂತ ಕುರ್ಚಿಯಿಂದ ಎದ್ದೇ ಬಿಡುತ್ತಾರೆ.

ಆ ರಾತ್ರಿ ಒಂದೂವರೆಗೆ ಅಟ್ಟಣೆಯಿಂದ ಕರೆ ಬಂತು. ಅಲ್ಲಿನ ಅಡುಗೆಯವರು ರಕ್ತ ವಾಂತಿ ಮಾಡಿಕೊಳ್ಳುತ್ತಿದ್ದರು, ಹೊಟ್ಟೆಯ ಹುಣ್ಣು ಒಡೆದಿತ್ತು. ಬೆಳಗಾಗುವುದರೊಳಗೆ ಶಸ್ತ್ರಚಿಕಿತ್ಸೆ ಆಗದಿದ್ದರೆ ಉಳಿಯುವುದಿಲ್ಲ ಎಂದರು ದಡದ ವೈದ್ಯರು. ಚಂದ್ರನಿಲ್ಲದ ರಾತ್ರಿ, ಕಡಲ ಮೇಲೆ ಮಂಜು. ಕರ್ತವ್ಯದಲ್ಲಿದ್ದವರು ದೊಡ್ಡ ಕ್ಯಾಪ್ಟನ್, ಜೊತೆಗೆ ಸಹ ಪೈಲಟ್ ಆಗಿ ಒಬ್ಬ ಯುವತಿ. ಅಟ್ಟಣೆಯ ಡೆಕ್ಕಿನ ಮೇಲೆ ರೋಗಿಯ ಸ್ಟ್ರೆಚರ್ ಹಿಡಿದು ನಿಂತವರಲ್ಲಿ ಕತ್ತಲಕ್ಕನ ಗಂಡನೂ ಇದ್ದರು.

ಮೊದಲ ಸಲ ಹೆಲಿಕಾಪ್ಟರ್ ಮುನ್ನೂರು ಅಡಿಗೆ ಇಳಿದು ನೇರ ಬಂತು. ರೇಡಾರಿನಲ್ಲಿ ಅಟ್ಟಣೆ ಕಾಣುತ್ತಿದೆ, ಕಣ್ಣಿಗೆ ಏನೂ ಇಲ್ಲ. ಸಹ ಪೈಲಟ್ ಮುಕ್ಕಾಲು ಮೈಲಿ ಎಂದಳು. ದೊಡ್ಡ ಕ್ಯಾಪ್ಟನ್ ಎಡಗೈ ಹೆಬ್ಬೆರಳಿನ ಗುಂಡಿ ಒತ್ತಿದರು. ಆ ಒಂದು ಗುಂಡಿಗೆ ಆಟೋಪೈಲಟ್ ತಾನೇ ಮೈ ನೆಟ್ಟಗೆ ಮಾಡಿಕೊಂಡು, ಬಲ ಕೂಡಿಸಿಕೊಂಡು, ಮೇಲಕ್ಕೆ ಏರಿ ಹೋಗುತ್ತದೆ. ಹೋಯಿತು.

ಎರಡನೇ ಸಲ ಮಂಜಿನ ಸಂದಿಯಲ್ಲಿ ಹಳದಿ ಕಲೆಯೊಂದು ಮೂಡಿತು. ಸಹ ಪೈಲಟ್ ಆಮೇಲೆ ಹೇಳಿದ್ದು: ಸರ್ ಬಲಗೈ ಬೆರಳುಗಳು ಬಿಡಿಸುವ ಗುಂಡಿಯ ಮೇಲೆ ಹೋಗಿ ಕೂತವು, ಅವರ ಉಸಿರು ಇಯರ್‌ಫೋನಿನಲ್ಲಿ ಕೇಳುತ್ತಿತ್ತು. ಕಲೆ ಎರಡೇ ಕ್ಷಣದಲ್ಲಿ ಅಳಿಸಿಹೋಯಿತು. ಬಲಗೈ ಸುಮ್ಮನಿತ್ತು. ಎಡ ಹೆಬ್ಬೆರಳು ಒತ್ತಿತು. ಮತ್ತೆ ಮೇಲೆ.

ಡೆಕ್ಕಿನಲ್ಲಿ ನಿಂತವರಿಗೆ ಇದಾವುದೂ ಗೊತ್ತಿಲ್ಲ. "ಸದ್ದು ಬಂತು, ಹೋಯ್ತು. ಮತ್ತೆ ಬಂತು, ಮತ್ತೆ ಹೋಯ್ತು," ಎಂದು ಗಂಡ ಬೆಳಿಗ್ಗೆ ಫೋನಿನಲ್ಲಿ ಹೇಳಿದರಂತೆ. "ಅಡುಗೆಯವನ ಕೈ ಹಿಡ್ಕೊಂಡು ಆ ಪೈಲಟ್‌ಗೆ ಬಾಯಿಗೆ ಬಂದ ಹಾಗೆ ಬೈತಿದ್ದೆ ಕಣೇ."

ಮೂರನೇ ಪ್ರಯತ್ನಕ್ಕಷ್ಟೇ ಇಂಧನವಿತ್ತು. ಅದೂ ತಪ್ಪಿದರೆ ಬರಿಗೈಲಿ ದಡಕ್ಕೆ ಹಿಂದಿರುಗಬೇಕು. ದಿಕ್ಕು ಸ್ವಲ್ಪ ಬದಲಿಸಿ, ಗಾಳಿಗೆ ಎದುರಾಗಿ ಬಂದರು. ಒಂದು ಮೈಲಿ. ಏನಿಲ್ಲ. ಇನ್ನೂ ಸ್ವಲ್ಪ. ಏನಿಲ್ಲ. ಇನ್ನೇನು ಮುಕ್ಕಾಲು ಎನ್ನುವಾಗ ಹಸಿರು ಉಂಗುರ ಕಂಡಿತು, ಈ ಸಲ ಅಳಿಸಿಹೋಗಲಿಲ್ಲ. ದೊಡ್ಡ ಕ್ಯಾಪ್ಟನ್ ಆಟೋಪೈಲಟ್ ಬಿಡಿಸಲಿಲ್ಲ. ಎತ್ತರ ಮುನ್ನೂರರಲ್ಲೇ ನಿಂತಿತು. ಹೆಬ್ಬೆರಳಿನ ಚಿಕ್ಕ ಸ್ವಿಚ್ಚಿನಿಂದ ವೇಗ ಇಳಿಸುತ್ತಾ ಹೋದರು. ಸಹ ಪೈಲಟ್ ಗಡಿಯಾರದಿಂದ ಕಣ್ಣು ಕೀಳದೆ ಅಂಕಿ ಓದುತ್ತಾ ಹೋದಳು. ಡೆಕ್ಕಿನ ಮೇಲೆ ನಿಂತವರ ಮುಖ ಕಾಣುವಷ್ಟು ಹತ್ತಿರವಾದ ಮೇಲೆ ಮಾತ್ರ ಕೈಗೆ ತೆಗೆದುಕೊಂಡು ಇಳಿಸಿದರು.

ದಡಕ್ಕೆ ವಾಪಸು ಬಂದಾಗ ನಾಲ್ಕು ಐವತ್ತು. ಕತ್ತಲಕ್ಕ ಸೈಕಲ್ ತಳ್ಳಿಕೊಂಡು ಗೇಟಿಗೆ ಬರುವುದಕ್ಕೂ ಆಂಬುಲೆನ್ಸ್ ಹೊರಬೀಳುವುದಕ್ಕೂ ಸರಿಹೋಯಿತು. ಏನಾಯಿತೋ ಎಂದುಕೊಂಡು ಹೋಗಿ ಸಿಮ್ಯುಲೇಟರಿನ ದೀಪ ಹಾಕಿದರು. ಹತ್ತು ನಿಮಿಷಕ್ಕೆ ಬಾಗಿಲು ತೆರೆಯಿತು. ಕಡಲಿಗೆ ಬಿದ್ದರೆ ಮುಳುಗದಂತೆ ಹಾಕುವ ಕಿತ್ತಳೆ ಬಣ್ಣದ ಉಡುಪಿನಲ್ಲೇ ದೊಡ್ಡ ಕ್ಯಾಪ್ಟನ್ ಬಂದು ನಿಂತಿದ್ದರು. ಎರಡೂ ಕೈಯಲ್ಲಿ ಕಾಗದದ ಲೋಟದ ಕಾಫಿ, ಅರ್ಧ ಚೆಲ್ಲಿತ್ತು.

"ಎರಡು ಸಲ ವಾಪಸ್ ಹೋದೆ ಅಕ್ಕಾ," ಅಂದರು. "ಮೊದಲಿನ ನಾನಾಗಿದ್ರೆ ಎರಡನೇ ಸಲವೇ ಇಳೀತಿದ್ದೆ. ಇಳೀತಿದ್ದೆ ಅಂದ್ರೆ, ಎಲ್ಲಿಗೆ ಅಂತ ನಿಮಗೆ ಗೊತ್ತಲ್ಲ."

ಕತ್ತಲಕ್ಕ ಲೋಟ ತೆಗೆದುಕೊಂಡು, ಕೂತ್ಕೊಳ್ಳಿ ಸರ್ ಎಂದರಂತೆ. ಬೆಳಗಿನ ಪಾಳಿಯ ಪೈಲಟ್‌ಗಳು ಬಂದಾಗ ಇಬ್ಬರೂ ಮೆಟ್ಟಿಲ ಮೇಲೆ ಕೂತು ಮಕ್ಕಳ ಹಾಗೆ ನಗುತ್ತಿದ್ದರು. ಅವತ್ತು ಪಾಳಿ ಇಪ್ಪತ್ತು ನಿಮಿಷ ತಡವಾಗಿ ಶುರುವಾಯಿತು, ಹತ್ತು ವರ್ಷದಲ್ಲಿ ಮೊದಲ ಸಲ. ಗಂಡ ಫೋನಿನಲ್ಲಿ ಪೈಲಟ್‌ಗೆ ಬೈದ ಕಥೆ ಹೇಳಿದಾಗ ಇವರು ಅಂದರಂತೆ: "ಎರಡು ಸಲ ವಾಪಸ್ ಹೋಗಿದ್ದಕ್ಕೇ ರೀ ಅವರು ಬಂದಿದ್ದು."

ಅಡುಗೆಯವರು ಬದುಕಿದರು. ಹದಿನೆಂಟು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಹೋಗಿದ್ದಾರೆ. ಇಬ್ಬರು ಪೈಲಟ್‌ಗಳಿಗೂ ಕೈ ಮುಗಿದು ಪತ್ರ ಬರೆದಿದ್ದಾರೆ. ಸಿಮ್ಯುಲೇಟರಿನ ವಿಷಯ ಅವರಿಗೆ ತಿಳಿದಿಲ್ಲ. ತಿಳಿಸೋಣವೇ ಎಂದು ದೊಡ್ಡ ಕ್ಯಾಪ್ಟನ್ ಕೇಳಿದಾಗ ಕತ್ತಲಕ್ಕ ಬೇಡವೆಂದರು. ಹುಣ್ಣಿರುವ ಮನುಷ್ಯ, ತಲೆ ತಿನ್ನಬೇಡಿ ಎಂದರು.

ಅದರ ಬದಲು ಅವರು ಬೇರೊಂದು ಕೇಳಿದರು: ಒಮ್ಮೆ ತನ್ನನ್ನೂ ರಾತ್ರಿ ಅಟ್ಟಣೆಗೆ ಕರೆದೊಯ್ಯಬೇಕು. ಮೂವತ್ತು ಸಾವಿರ ಸಲ ಪೈಲಟ್‌ಗಳನ್ನು ರಾತ್ರಿಯ ಕಡಲಿಗೆ ಕಳಿಸಿದ ಈ ಹೆಂಗಸು ಒಮ್ಮೆಯೂ ರಾತ್ರಿಯ ಕಡಲ ಮೇಲೆ ಹಾರಿಲ್ಲ. ಹ್ಯಾಂಗರಿನ ದಿನಗಳಲ್ಲಿ ಪರೀಕ್ಷೆಗೆಂದು ಹಗಲಲ್ಲಿ ನೆಲೆಯ ಸುತ್ತ ನಾಲ್ಕು ಸುತ್ತು ಹೊಡೆದದ್ದಷ್ಟೇ. ಮೇಲಿನವರು ಒಪ್ಪಿದರು. ಆದರೆ ಕಡಲ ಮೇಲೆ ಹಾರುವವರು ಮುಳುಗಿದ ಹೆಲಿಕಾಪ್ಟರಿನಿಂದ ಈಜಿ ಹೊರಬರುವ ತರಬೇತಿ ಪಾಸಾಗಬೇಕೆಂಬ ನಿಯಮವಿದೆ. ಕತ್ತಲಕ್ಕನಿಗೆ ಈಜು ಬಾರದು. ಆದ್ದರಿಂದ ಐವತ್ತೊಂದನೇ ವಯಸ್ಸಿನಲ್ಲಿ, ಪಾಳಿ ಮುಗಿಸಿ, ಶಾಲೆಯ ಮಕ್ಕಳ ಜೊತೆ ಈಜುಕೊಳಕ್ಕೆ ಇಳಿಯುತ್ತಿದ್ದಾರೆ. ಮೊದಲ ವಾರ ಕಂಬಿ ಬಿಟ್ಟಿರಲಿಲ್ಲ. ಈಗ ಅಡ್ಡಲಾಗಿ ಒಂದು ಸಲ ದಾಟುತ್ತಾರೆ. ದಾಟಿದ ದಿನ ಒದ್ದೆ ತಲೆಯಲ್ಲೇ ಗಂಡನಿಗೆ ಫೋನು ಮಾಡಿದ್ದರು. ಪರೀಕ್ಷೆ ಬರುವ ತಿಂಗಳು.

ಪಾಸಾದರೆ ಮುಂದೆ ಪೈಲಟ್ ಪಕ್ಕದಲ್ಲೇ ಕೂರಿಸುತ್ತೇನೆ ಎಂದು ದೊಡ್ಡ ಕ್ಯಾಪ್ಟನ್ ಮಾತು ಕೊಟ್ಟಿದ್ದರು. ಕತ್ತಲಕ್ಕ ಬೇಡವೆಂದಿದ್ದಾರೆ. ಅಲ್ಲಿ ಸಹ ಪೈಲಟ್ ಕೂರಬೇಕು, ಅಂಕಿ ಓದಲು ಎರಡು ಕಣ್ಣು ಕಡಿಮೆಯಾಗಬಾರದು. ಮೂರನೇ ಸಾಲು ಸಾಕು, ಕಿಟಕಿ ಪಕ್ಕ ಸಿಕ್ಕರೆ ಇನ್ನೂ ಒಳ್ಳೆಯದು. ರಾತ್ರಿ ಹೊತ್ತು ಕಿಟಕಿಯಲ್ಲಿ ಏನು ಕಾಣುತ್ತದೆ, ಬರೀ ಕಪ್ಪು ಎಂದು ಗಂಡ ಕಿಚಾಯಿಸುತ್ತಾರೆ.

"ಅದನ್ನೇ ನೋಡ್ಬೇಕು," ಎನ್ನುತ್ತಾರೆ ಕತ್ತಲಕ್ಕ, ಎರಡನೇ ಪಾಳಿಗೆ ಮತ್ತೆ ಚಂದ್ರನನ್ನು ಅಳಿಸುತ್ತಾ. "ನಾನು ಮಾಡೋ ಕಪ್ಪು ಸರಿಯಾಗಿದೆಯಾ ಅಂತ. ಸ್ವಲ್ಪ ತಿಳಿಯಾಗಿದ್ರೆ, ವಾಪಸ್ ಬಂದು ಸರಿ ಮಾಡ್ತೀನಿ."